ಕೊಟ್ಟಿಗೆಯಲ್ಲಿ 12 ಅಡಿ ಹೊಳೆ: ಮರಳು, ಕಲ್ಲು ಸಾಗುವುದನ್ನು ನೋಡಲು ಕಟ್ಟಿದ ತೊಟ್ಟಿ

ಮಳೆಗಾಲದಲ್ಲಿ ಹೊಳೆಯ ತಳದಲ್ಲಿ ಏನು ನಡೆಯುತ್ತದೆ ಅಂತ ಯಾರಿಗೂ ಕಾಣಿಸುವುದಿಲ್ಲ. ನೀರು ಕೆಂಪಾಗಿರುತ್ತದೆ, ಸೆಳೆತ ಜಾಸ್ತಿ, ಹತ್ತಿರ ಹೋಗುವ ಹಾಗಿಲ್ಲ. ದಡದಲ್ಲಿ ನಿಂತರೆ ಒಳಗೆ ಕಲ್ಲಿಗೆ ಕಲ್ಲು ತಾಗುವ ಸದ್ದು ಮಾತ್ರ ಕೇಳುತ್ತದೆ. ನೀರು ಇಳಿದ ಮೇಲೆ ಹೋಗಿ ನೋಡಿದರೆ ಹಳೆಯ ದಿಬ್ಬ ಇಲ್ಲ, ಹೊಸದೊಂದು ಬೇರೆ ಕಡೆ ಎದ್ದಿದೆ. ನಡುವೆ ಏನಾಯಿತು ಅನ್ನುವುದನ್ನು ಕಣ್ಣಾರೆ ನೋಡಬೇಕಾದರೆ ಪಕ್ಕದಲ್ಲಿ ಗಾಜು ಇರುವ ಹೊಳೆ ಬೇಕು. ಅದನ್ನೇ ಕಟ್ಟಿದ್ದೇವೆ. ಹೇಗೆ ಕಟ್ಟಿದೆವು, ಅದರಲ್ಲಿ ಏನು ಕಂಡಿತು ಅಂತ ಇಲ್ಲಿ ಬರೆದಿಡುತ್ತಿದ್ದೇನೆ.

ನಮ್ಮದು ತೀರ್ಥಹಳ್ಳಿ ತಾಲ್ಲೂಕು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ತೋಟದ ಕೆಳಗಿನ ಹಳ್ಳ ತುಂಗೆಗೆ ಸೇರುತ್ತದೆ. ಹಳ್ಳದಲ್ಲಿ ಮರಳು ತೆಗೆಯುವ ಮಾತು ಬಂದಾಗಲೆಲ್ಲ ಪಕ್ಕದ ತೋಟದ ಹಿರಿಯರು ಒಂದೇ ಮಾತು ಹೇಳುತ್ತಾರೆ: "ಹೊಂಡ ತೆಗೆದ್ರೆ ಏನಾಯ್ತು ಮೇಷ್ಟ್ರೇ, ಒಂದು ಮಳೆಗಾಲ ಕಳೆದ್ರೆ ತಾನಾಗೇ ತುಂಬುತ್ತಲ್ಲ." ಹೊಂಡ ತುಂಬುವುದು ನಿಜ. ಆದರೆ ಅದು ಯಾರ ಪಾಲಿನ ಮರಳು? ಈ ಪ್ರಶ್ನೆಗೆ ಮಾತಿನಲ್ಲಿ ಉತ್ತರ ಹೇಳಿ ಪ್ರಯೋಜನವಿಲ್ಲ, ತೋರಿಸಬೇಕು ಅನ್ನಿಸಿತು.

ಇಂಥ ತೊಟ್ಟಿಗೆ ಎಂಜಿನಿಯರುಗಳು ಫ್ಲೂಮ್ ಅನ್ನುತ್ತಾರೆ. ಇದು ಹುಟ್ಟಿದ್ದೂ ಹೆಚ್ಚುಕಡಿಮೆ ಇದೇ ಥರದ ಜಗಳದಿಂದ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ಚಿನ್ನಕ್ಕಾಗಿ ಗುಡ್ಡಗಳಿಗೇ ಜೋರಾಗಿ ನೀರು ಹಾರಿಸಿ ಕರಗಿಸುತ್ತಿದ್ದರು. ಆ ಕಲ್ಲು, ಮರಳೆಲ್ಲ ಹೊಳೆಗೆ ಬಿದ್ದು ಕೆಳಗಿನ ಬಯಲಿನ ರೈತರ ಹೊಲ ಮುಚ್ಚಿತು. 1884ರಲ್ಲಿ ಕೋರ್ಟು ಅದನ್ನು ತಡೆಯಿತು. ಆದರೆ ಹೊಳೆಗೆ ಆಗಲೇ ಬಿದ್ದಿದ್ದ ಮರಳು ಎಷ್ಟು ವರ್ಷಕ್ಕೆ ಸಮುದ್ರ ಸೇರುತ್ತದೆ ಅಂತ ಯಾರಿಗೂ ಹೇಳಲಾಗಲಿಲ್ಲ. ಭೂವಿಜ್ಞಾನಿ ಗ್ರೋವ್ ಕಾರ್ಲ್ ಗಿಲ್ಬರ್ಟ್ ಬರ್ಕ್‌ಲಿಯಲ್ಲಿ ಮರದ ತೊಟ್ಟಿಗಳನ್ನು ಕಟ್ಟಿಸಿ, ಮರಳು ಹಾಕಿ, ನೀರು ಬಿಟ್ಟು ಅಳೆದದ್ದು ಇದಕ್ಕಾಗಿ. ಅವರ ವರದಿ 1914ರಲ್ಲಿ ಬಂತು. ಇವತ್ತಿಗೂ ಅದರ ಅಂಕಿಗಳನ್ನು ಬಳಸುವವರಿದ್ದಾರೆ.

ಈಗ ತೊಟ್ಟಿಗೆ ಬರೋಣ.

ಉದ್ದ 12 ಅಡಿ, ಅಗಲ 6 ಇಂಚು, ಎತ್ತರ 1 ಅಡಿ. ಇದಕ್ಕಿಂತ ಗಿಡ್ಡದು ಮಾಡಬೇಡಿ. ನೀರು ಒಳಗೆ ಬಂದ ಮೇಲೆ ಅದರ ಗಲಾಟೆ ಅಡಗುವುದಕ್ಕೇ ಮೊದಲ 2–3 ಅಡಿ ಬೇಕು. ಕೊನೆಯ ಒಂದು ಅಡಿ ಹೊರಬಾಗಿಲಿನ ಹಿಡಿತದಲ್ಲಿರುತ್ತದೆ. ನಂಬಬಹುದಾದ ಹೊಳೆ ಅಂತ ಉಳಿಯುವುದು ನಡುವಿನ 7–8 ಅಡಿ ಮಾತ್ರ.

ತಳಕ್ಕೂ ಹಿಂದಿನ ಪಕ್ಕಕ್ಕೂ 18 ಮಿ.ಮೀ. ವಾಟರ್‌ಪ್ರೂಫ್ ಪ್ಲೈವುಡ್ ಹಾಕಿದ್ದೇವೆ. ಮುಂದಿನ ಪಕ್ಕಕ್ಕೆ 8 ಮಿ.ಮೀ. ಗಾಜು, 6 ಅಡಿಯ ಎರಡು ತುಂಡು. ಅಕ್ರಿಲಿಕ್ ಹಗುರ, ಕೊರೆಯುವುದೂ ಸುಲಭ. ಆದರೆ ಮರಳು ಉಜ್ಜಿ ಉಜ್ಜಿ ಬೇಗ ಮಂಕಾಗುತ್ತದೆ, ನೋಡಲೆಂದೇ ಕಟ್ಟಿದ ತೊಟ್ಟಿಗೆ ಅದು ಬೇಡ. ಪ್ಲೈವುಡ್ ಹಾಳೆ 8 ಅಡಿಯದ್ದು ಸಿಗುವುದರಿಂದ ಅದನ್ನೂ ಜೋಡಿಸಬೇಕಾಗುತ್ತದೆ. ಪ್ಲೈವುಡ್ಡಿನ ಜೋಡಣೆ ಮತ್ತು ಗಾಜಿನ ಜೋಡಣೆ ಒಂದೇ ಜಾಗಕ್ಕೆ ಬರದ ಹಾಗೆ ನೋಡಿಕೊಳ್ಳಿ. ಸಂದಿಗೆಲ್ಲ ಅಕ್ವೇರಿಯಂ ಸಿಲಿಕಾನ್. ಗಾಜಿನ ಅಡಿಗೆ ಹಳೆಯ ಸೈಕಲ್ ಟ್ಯೂಬನ್ನು ಸೀಳಿ ಹಾಸಿದೆವು, ತೊಟ್ಟಿ ಎತ್ತಿ ಇಳಿಸುವಾಗ ಗಾಜಿನ ಮೇಲೆ ಒತ್ತಡ ಬೀಳದಿರಲಿ ಅಂತ. ಸಿಲಿಕಾನ್ ಪೂರ್ತಿ ಒಣಗುವ ತನಕ ನೀರು ಬಿಡಬಾರದು, ಮಲೆನಾಡಿನ ತೇವದಲ್ಲಿ ಡಬ್ಬಿಯ ಮೇಲೆ ಬರೆದದ್ದಕ್ಕಿಂತ ಹೆಚ್ಚೇ ಹೊತ್ತು ಬೇಕು.

ಕೆಳಗಿನ ಚೌಕಟ್ಟಿಗೆ ಕಬ್ಬಿಣದ ಚೌಕ ಪೈಪು. ವೆಲ್ಡಿಂಗ್ ಮಾಡಿದವರು ಅಳತೆ ಕೇಳಿದ ಕೂಡಲೇ ಹೇಳಿದ್ದು: "ಮೇಷ್ಟ್ರೇ, ನೀರಿನ ತೂಕ ಬಿಡಿ. ಒದ್ದೆ ಮರಳಿನ ತೂಕ ಲೆಕ್ಕ ಹಾಕಿ. ನಡುವೆ ಜೋಲಿದ್ರೆ ನಿಮ್ಮ ಇಳಿಜಾರೇ ಸುಳ್ಳಾಗುತ್ತೆ." ಸರಿಯಾದ ಮಾತು. 8 ಸೆಂ.ಮೀ. ದಪ್ಪಕ್ಕೆ ಮರಳು ಹಾಸಿ ಮೇಲೆ ನೀರು ಬಿಟ್ಟರೆ ತೂಕ ನೂರು ಕಿಲೋ ದಾಟುತ್ತದೆ. ಹಾಗಾಗಿ 2 ಅಡಿಗೊಂದು ಅಡ್ಡಪಟ್ಟಿ ಕೊಟ್ಟು ಎರಡು ಉದ್ದ ಪೈಪನ್ನೂ ದಪ್ಪದ್ದೇ ಹಾಕಿಸಿದೆವು. ನೀರು ಹೊರಬೀಳುವ ತುದಿಯಲ್ಲಿ ಒಂದು ಸರಳು ಹಾಯಿಸಿದ್ದೇವೆ, ತೊಟ್ಟಿ ಅದರ ಮೇಲೆ ತಿರುಗುತ್ತದೆ. ಮೇಲಿನ ತುದಿಯ ಕೆಳಗೆ ಕಾರಿನ ಜಾಕಿ. ಜಾಕಿ ಎತ್ತಿದಷ್ಟು ಇಳಿಜಾರು. 100ಕ್ಕೆ 1ರ ಇಳಿಜಾರು ಬೇಕಾದರೆ 12 ಅಡಿಗೆ ಸುಮಾರು 3.7 ಸೆಂ.ಮೀ. ಎತ್ತಬೇಕು. ಇದನ್ನು ಅಳೆಯಲು ಗಾರೆ ಕೆಲಸದವರ ಲೆವೆಲ್ ಪೈಪಿಗಿಂತ ಒಳ್ಳೆಯ ಸಾಧನ ಇಲ್ಲ. ರಸಮಟ್ಟ ಇಷ್ಟು ಸಣ್ಣ ಇಳಿಜಾರಿಗೆ ಸಾಲದು.

ನೀರಿಗೆ ತೋಟದ 1 ಎಚ್‌ಪಿ ಪಂಪು, 2 ಇಂಚಿನ ಪೈಪು. ಎತ್ತರಕ್ಕೆ ನೂಕುವ ಪಂಪು ಬೇಡ. ಇಲ್ಲಿ ಎತ್ತರ ಕಡಿಮೆ, ನೀರು ಜಾಸ್ತಿ ಬೇಕು. ಪಂಪಿನಿಂದ ಬರುವ ಪೈಪಿಗೆ ಒಂದು ಟೀ ಹಾಕಿ, ಬೇಡದ ನೀರು ವಾಪಸ್ ಡ್ರಮ್ಮಿಗೇ ಬೀಳುವ ಹಾಗೆ ಮಾಡಿದೆವು. ಎರಡು ವಾಲ್ವ್ ತಿರುಗಿಸಿದರೆ ನೀರು ಹೆಚ್ಚು ಕಡಿಮೆ ಮಾಡಬಹುದು. ಪೂರ್ತಿ ಬಿಟ್ಟಾಗ 15 ಲೀಟರಿನ ಬಕೆಟ್ 5 ಸೆಕೆಂಡಿನಲ್ಲಿ ತುಂಬುತ್ತದೆ, ಅಂದರೆ ಸೆಕೆಂಡಿಗೆ 3 ಲೀಟರ್. ಪಂಪಿನ ಲೈನಿಗೆ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್ಚು) ಕಡ್ಡಾಯ. ಸುತ್ತ ಮಕ್ಕಳು, ನೆಲ ಒದ್ದೆ, ಕೈ ನೀರಲ್ಲಿ. ಇದರಲ್ಲಿ ಉಳಿತಾಯ ಮಾಡಲೇಬೇಡಿ.

ತೊಟ್ಟಿಯಿಂದ ಬಿದ್ದ ನೀರು ಮೊದಲು ಒಂದು ಚೀಲದ ಮೂಲಕ ಹಾಯುತ್ತದೆ. ಸ್ಕ್ರೀನ್ ಪ್ರಿಂಟಿಂಗ್‌ಗೆ ಬಳಸುವ ನೈಲಾನ್ ಬಟ್ಟೆಯಲ್ಲಿ ಹೊಲಿಸಿದ ಚೀಲ. ನೀರು ಸರಾಗ ದಾಟುತ್ತದೆ, ಮರಳು ನಿಲ್ಲುತ್ತದೆ. ಚೀಲದ ಕೆಳಗೆ ಉದ್ದಕ್ಕೆ ಸೀಳಿದ ನೀಲಿ ಡ್ರಮ್ಮಿನ ಅರ್ಧ, ಅದು ತುಂಬಿ ಹರಿದದ್ದು ಇನ್ನೊಂದು ಅರ್ಧಕ್ಕೆ. ಪಂಪು ಎಳೆಯುವುದು ಈ ಎರಡನೆಯದರಿಂದ. ಚೀಲ ತಪ್ಪಿಸಿಕೊಂಡ ಮರಳು ಮೊದಲ ಡ್ರಮ್ಮಿನಲ್ಲೇ ಕೂರುತ್ತದೆ, ಪಂಪಿನ ಇಂಪೆಲ್ಲರ್ ಸವೆಯುವುದಿಲ್ಲ.

ಮೊದಲು ನೀರು ಬಿಟ್ಟಾಗ ಅದು ಸುಳಿ ಸುತ್ತಿಕೊಂಡೇ ಒಳಗೆ ಬಂತು. ಬಂದಲ್ಲೇ ಮರಳಿನಲ್ಲಿ ಗುಂಡಿ ತೋಡಿ, ಹಿಂದಿನ ಗೋಡೆಗೆ ಒರಗಿಕೊಂಡು ಹರಿಯಿತು. ಇದಕ್ಕೆ ಪರಿಹಾರ ವೈರಿಂಗ್ ಪೈಪು. 20 ಮಿ.ಮೀ. ಪೈಪನ್ನು ಒಂದೊಂದು ಅಡಿಗೆ ಕತ್ತರಿಸಿ, ಬಾಯಿ ಮುಚ್ಚುವಷ್ಟು ಅಡ್ಡಕ್ಕೆ ಜೋಡಿಸಿ ಕಟ್ಟಿದೆವು. ನೀರು ಆ ತೂತುಗಳಲ್ಲಿ ಹಾದು ಬರುವಾಗ ಸುಳಿ ಮುರಿಯುತ್ತದೆ. ಅದರ ಮುಂದೆ 2 ಅಡಿ ತಳಕ್ಕೆ ಕಲ್ಲನ್ನು ಅಂಟಿಸಿಬಿಟ್ಟೆವು. ಈ ಭಾಗ ಕೊರೆಯುವುದೂ ಇಲ್ಲ, ನಿಜವಾದ ಹೊಳೆಯ ತಳದ ಹಾಗೆ ನೀರನ್ನು ಕೆಳಗಿನಿಂದ ತಡೆಯುತ್ತದೆ. ಹೊರಬಾಗಿಲಿಗೆ ಮೇಲೆ ಕೆಳಗೆ ಸರಿಯುವ ಒಂದು ಹಲಗೆ.

ಮರಳಿನ ವಿಷಯ. ಎಂ ಸ್ಯಾಂಡ್ ಹಾಕಬೇಡಿ. ಕಾಳುಗಳಿಗೆ ಚೂಪು ಮೂಲೆ ಇರುತ್ತದೆ, ಪುಡಿ ಬೇರೆ ಸೇರಿ ನೀರು ಕದಡಿ ಏನೂ ಕಾಣುವುದಿಲ್ಲ. ಮನೆ ಕಟ್ಟುವಾಗ ಉಳಿದಿದ್ದ ಹೊಳೆ ಮರಳನ್ನು ತೊಳೆದು ಜರಡಿ ಹಿಡಿದೆವು. ಕಾಂಕ್ರೀಟ್ ಪರೀಕ್ಷೆಗೆ ಬಳಸುವ ಜರಡಿ ಸೆಟ್ಟು ಎರವಲು ಸಿಕ್ಕಿತು: 4.75, 2.36, 1.18, 0.6 ಮಿ.ಮೀ. ಕಣ್ಣಿನವು. 0.6ರಲ್ಲಿ ಇಳಿದದ್ದು ಸಣ್ಣ ಮರಳು. 1.18ರ ಮೇಲೆ ನಿಂತದ್ದು ದಪ್ಪ ಮರಳು. ಸಣ್ಣ ಕಲ್ಲಿಗೆ ಅಕ್ವೇರಿಯಂ ಅಂಗಡಿಯ 3–5 ಮಿ.ಮೀ. ಬಣ್ಣದ ಕಲ್ಲು. ಒಂದೊಂದು ಕಲ್ಲನ್ನು ಗುರುತು ಹಿಡಿದು ಹಿಂಬಾಲಿಸಲು ಈ ಬಣ್ಣ ತುಂಬಾ ಉಪಕಾರ.

ಮೊದಲ ಓಟ ಸಣ್ಣ ಮರಳಿನದು. ಇಳಿಜಾರು 500ಕ್ಕೆ 1, ನೀರಿನ ಆಳ 6 ಸೆಂ.ಮೀ. ತಳವನ್ನು ಪಟ್ಟಿಯಿಂದ ಎಳೆದು ಸಪಾಟು ಮಾಡಿ ನಿಧಾನ ನೀರು ಬಿಟ್ಟೆವು. ಸ್ವಲ್ಪ ಹೊತ್ತು ಏನೂ ಇಲ್ಲ. ವಾಲ್ವ್ ಇನ್ನಷ್ಟು ತೆರೆದಾಗ ಅಲ್ಲೊಂದು ಇಲ್ಲೊಂದು ಕಾಳು ಸರಿಯಿತು. ಆಮೇಲೆ ಒಂದು ಅಂಗೈಯಗಲ ಜಾಗದ ಕಾಳುಗಳೆಲ್ಲ ಒಟ್ಟಿಗೆ ಮುಂದಕ್ಕೆ ಓಡಿ ನಿಂತವು. ಮತ್ತೆ ಬೇರೆ ಕಡೆ ಹಾಗೇ. ನೀರು ಮೇಲಿಂದ ನೋಡಿದರೆ ಒಂದೇ ಸಮ ಹರಿಯುತ್ತಿದೆ. ಕೆಳಗೆ ಹಾಗಿಲ್ಲ. ಮೇಲಿನ ವೇಗದ ನೀರು ಆಗಾಗ ಸುಳಿಯಾಗಿ ತಳಕ್ಕೆ ಬಂದು ಬಡಿಯುತ್ತದೆ, ಬಡಿದಲ್ಲಿ ಕಾಳು ಏಳುತ್ತದೆ.

ಹೀಗೆ ಎದ್ದ ಕಾಳುಗಳು ಅಲ್ಲಲ್ಲಿ ಗುಪ್ಪೆಯಾಗಿ, ಗುಪ್ಪೆ ಏರಿಯಾಗಿ, ತಳವೆಲ್ಲ ಅಲೆ ಅಲೆಯಾಯಿತು. ಏರಿಯಿಂದ ಏರಿಗೆ 12 ಸೆಂ.ಮೀ. ಆಸುಪಾಸು, ಎತ್ತರ ಒಂದು, ಒಂದೂವರೆ ಸೆಂ.ಮೀ. ಹೊಳೆ ದಂಡೆಯಲ್ಲಿ ನಾವೆಲ್ಲ ಕಾಲಲ್ಲಿ ಮೆಟ್ಟಿದ ಅಲೆಗಳೇ ಇವು. ಗಾಜಿನ ಪಕ್ಕದಿಂದ ನೋಡಿದಾಗ ಮಾತ್ರ ಅವುಗಳ ಕೆಲಸ ಗೊತ್ತಾಗುತ್ತದೆ. ನೀರು ಬರುವ ಕಡೆಯ ಇಳುಕಲು ನೀಳವಾಗಿದೆ. ಅದರ ಮೇಲೆ ಕಾಳುಗಳು ಕುಪ್ಪಳಿಸುತ್ತಾ ಏರುತ್ತವೆ. ತುದಿಗೆ ಬಂದವು ಆಚೆಯ ಕಡಿದಾದ ಬದಿಯ ನೆತ್ತಿಯಲ್ಲಿ ಗುಂಪಾಗುತ್ತವೆ. ಬದಿ 30 ಡಿಗ್ರಿ ದಾಟಿ ಇನ್ನು ಸ್ವಲ್ಪ ಕಡಿದಾದ ಕೂಡಲೇ ಒಂದು ಪದರ ಸರ್ರನೆ ಜಾರಿ ಬುಡಕ್ಕೆ ಬೀಳುತ್ತದೆ. ಮತ್ತೆ ಗುಂಪು, ಮತ್ತೆ ಜಾರು. ಬುಡದಲ್ಲಿ ನೀರು ಹಿಂದಕ್ಕೆ ಸುತ್ತುತ್ತದೆ. ಅಲ್ಲಿರುವ ನಾಲ್ಕಾರು ಕಾಳುಗಳು ಹೊಳೆಯ ದಿಕ್ಕಿಗೆ ಎದುರಾಗಿ, ಮೇಲಕ್ಕೆ ಓಡುತ್ತವೆ. ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಇದನ್ನು ಹಿಡಿದು ತೋರಿಸಿದಾಗ ಮಕ್ಕಳು ವಿಡಿಯೊ ತಿರುಗಾ ಮುರುಗಾ ಓಡುತ್ತಿದೆಯೇನೋ ಅಂತ ಮತ್ತೆ ಮತ್ತೆ ಕೇಳಿದರು.

ಜಾರಿ ಬಿದ್ದ ಕಾಳಿನ ಗತಿ ಏನು? ಕೆಂಪು ಬಣ್ಣ ಬಳಿದ ಸ್ವಲ್ಪ ಮರಳನ್ನು ಒಂದು ಏರಿಯ ನೆತ್ತಿಯಲ್ಲಿ ಹಾಕಿ ನೋಡಿದೆವು. ಜಾರಿ ಬುಡ ಸೇರಿತು. ಹಿಂದಿನಿಂದ ಬಂದ ಮರಳು ಅದನ್ನು ಮುಚ್ಚಿತು. ಗಾಜಿನಲ್ಲಿ ಓರೆಯಾದ ಕೆಂಪು ಗೆರೆಯೊಂದು ಕಾಣುತ್ತಿತ್ತು, ಅದು ಅಲ್ಲೇ ಇತ್ತು, ಏರಿ ಮಾತ್ರ ಅದರ ಮೇಲಿಂದ ಮುಂದಕ್ಕೆ ನಡೆದುಹೋಯಿತು. ಇಡೀ ಏರಿ ದಾಟಿ, ಅದರ ಹಿಂಬದಿ ಕೊರೆದು ಕೊರೆದು ಕೆಂಪು ಗೆರೆಯ ತನಕ ಬಂದಾಗ ಕಾಳುಗಳು ಒಂದೊಂದೇ ಬಿಡಿಸಿಕೊಂಡು ಹೊರಟವು. ಓಡಿದ್ದು ಕ್ಷಣ, ಹೂತು ಕೂತದ್ದೇ ಬಹಳ ಹೊತ್ತು.

ಆಲ್ಬರ್ಟ್ ಐನ್‌ಸ್ಟೈನ್ ಅವರ ಮಗ ಹಾನ್ಸ್ ಆಲ್ಬರ್ಟ್ ಐನ್‌ಸ್ಟೈನ್ ಜ್ಯೂರಿಕ್‌ನಲ್ಲಿ ಡಾಕ್ಟರೇಟಿಗೆ ಎತ್ತಿಕೊಂಡದ್ದು ಇದನ್ನೇ. ಒಂದು ಕಲ್ಲು ಎಷ್ಟು ದೂರ ಹಾರುತ್ತದೆ, ಎಷ್ಟು ಹೊತ್ತು ಕೂರುತ್ತದೆ ಅಂತ ಖಚಿತವಾಗಿ ಹೇಳಲಾಗದು, ಸಂಭವದ ಲೆಕ್ಕದಲ್ಲಷ್ಟೇ ಹೇಳಬಹುದು ಅಂತ ಅವರು 1937ರಲ್ಲಿ ಬರೆದರು. ಮುಂದೆ ಬರ್ಕ್‌ಲಿಯಲ್ಲಿ ಪ್ರೊಫೆಸರ್ ಆದರು. ಹೊಳೆಯ ತಳದ ಮರಳಿನಲ್ಲಿ ಯಾವ ಕ್ಷಣ ನೋಡಿದರೂ ಬಹುಪಾಲು ಸುಮ್ನೆ ಕೂತೇ ಇರುತ್ತದೆ. ಕೂತಿದೆ ಅಂದ ಮಾತ್ರಕ್ಕೆ ಅದು ಯಾರಿಗೂ ಬೇಡದ ಮರಳಲ್ಲ, ದಾರಿಯಲ್ಲಿರುವ ಮರಳು. ಇಷ್ಟನ್ನು ತೋರಿಸಿದರೆ ಸಾಕು, ತೊಟ್ಟಿ ಕಟ್ಟಿದ್ದು ಸಾರ್ಥಕ ಅಂದುಕೊಂಡಿದ್ದೆ.

ದಪ್ಪ ಮರಳು ಹಾಕಿದಾಗ ಈ ಅಲೆ ಬರಲೇ ಇಲ್ಲ. ಕಾಳು ಸುಮಾರು 0.7 ಮಿ.ಮೀ.ಗಿಂತ ದಪ್ಪವಾದರೆ ಸಣ್ಣ ಅಲೆ ಏಳುವುದಿಲ್ಲ, ತಳ ಸಪಾಟಾಗಿಯೇ ಸರಿಯುತ್ತದೆ. ವಾಪಸ್ ಸಣ್ಣ ಮರಳು ಹಾಕಿ, ಜಾಕಿ ಎತ್ತಿ ಇಳಿಜಾರು 50ಕ್ಕೆ 1 ಮಾಡಿದಾಗ ಇನ್ನೊಂದು ನೋಟ ಕಂಡಿತು. ಮೊದಲು ಅಲೆಗಳೆಲ್ಲ ಅಳಿಸಿ ತಳ ನುಣ್ಣಗಾಯಿತು. ಆಮೇಲೆ ನೀರಿನ ಮೇಲ್ಮೈಯೂ ತಳವೂ ಒಟ್ಟಿಗೆ ಏರಿ ಇಳಿಯುವ ಅಲೆಗಳು ಎದ್ದು, ಇಡೀ ಅಲೆ ಮೇಲ್ಮುಖವಾಗಿ ಸರಿಯತೊಡಗಿತು. ಕಾಳುಗಳು ಕೆಳಕ್ಕೆ, ಅಲೆ ಮೇಲಕ್ಕೆ! ಅಲೆಯಲ್ಲಿ ನೀರು ಬರುವ ಕಡೆಯ ಬದಿಗೆ ಮರಳು ಕೂರುತ್ತದೆ, ನೀರು ಹೋಗುವ ಕಡೆಯ ಬದಿ ಕೊರೆಯುತ್ತದೆ, ಅದಕ್ಕೇ ಆಕಾರ ಹಿಂದಕ್ಕೆ ನಡೆಯುತ್ತದೆ. ಸಮುದ್ರದ ದಡದಲ್ಲಿ ಮರಳಿನ ಮೇಲೆ ತೆಳುವಾಗಿ ಓಡುವ ನೀರಿನಲ್ಲೂ ಇದನ್ನು ನೋಡಬಹುದು.

ಇನ್ನು ಕಲ್ಲು. ಕಲ್ಲು ಯಾವಾಗ ಕದಲುತ್ತದೆ ಅನ್ನುವುದಕ್ಕೆ ಒಂದು ಸರಳ ಲೆಕ್ಕ ಇದೆ. ನೀರಿನ ಆಳವನ್ನು ಮೀಟರಿನಲ್ಲಿ ತೆಗೆದುಕೊಂಡು ಇಳಿಜಾರಿನಿಂದ ಗುಣಿಸಿ, 9810ರಿಂದ ಗುಣಿಸಿ. ಬರುವುದು ತಳವನ್ನು ನೀರು ಎಳೆಯುವ ಬಲ, ಒಂದು ಚದರ ಮೀಟರಿಗೆ ಎಷ್ಟು ನ್ಯೂಟನ್ ಅಂತ. ನಮ್ಮ ತೊಟ್ಟಿಯಲ್ಲಿ ಆಳ 4 ಸೆಂ.ಮೀ., ಇಳಿಜಾರು 100ಕ್ಕೆ 1 ಇದ್ದಾಗ 3.9. ತೊಟ್ಟಿ ಇಕ್ಕಟ್ಟಾದ್ದರಿಂದ ಪಕ್ಕದ ಗೋಡೆಗಳೂ ಒಂದಿಷ್ಟು ಹೊರುತ್ತವೆ, ತಳಕ್ಕೆ ಸಿಗುವುದು 3ರ ಹತ್ತಿರ. ಈ ಬಲವನ್ನು ಕಾಳಿನ ನೀರಿನೊಳಗಿನ ತೂಕಕ್ಕೆ ಹೋಲಿಸಿ ನೋಡಬೇಕು ಅಂತ ತೋರಿಸಿಕೊಟ್ಟವರು ಆಲ್ಬರ್ಟ್ ಶೀಲ್ಡ್ಸ್. ಅಮೆರಿಕದವರು, ಬರ್ಲಿನ್‌ನಲ್ಲಿ ಓದಿದರು, 1936ರಲ್ಲಿ ಪ್ರಬಂಧ ಬರೆದರು. ಆಮೇಲೆ ಊರಿಗೆ ಹೋಗಿ ರಟ್ಟಿನ ಪೆಟ್ಟಿಗೆ ಮಾಡುವ ಯಂತ್ರಗಳ ಕೆಲಸದಲ್ಲಿ ಬದುಕು ಕಳೆದರು. ಅವರ ಹೆಸರಿನ ಗ್ರಾಫು ಮಾತ್ರ ಜಗತ್ತಿನ ಎಲ್ಲ ಹೊಳೆ ಎಂಜಿನಿಯರುಗಳ ಮೇಜಿನ ಮೇಲಿದೆ.

ಆ ಲೆಕ್ಕದಲ್ಲಿ 4 ಮಿ.ಮೀ. ಕಲ್ಲು ಹೊರಡಲು 3ರ ಆಸುಪಾಸು ಬೇಕು, 1 ಮಿ.ಮೀ. ಮರಳಿಗೆ 0.5 ಸಾಕು. ತೊಟ್ಟಿಯಲ್ಲೂ ಹಾಗೇ ಆಯಿತು. ಹಳದಿ ಕಲ್ಲೊಂದರ ಮೇಲೆ ಟಾರ್ಚು ಬಿಟ್ಟು ಕೂತೆವು. ಮೊದಲು ಅದು ಕೂತ ಗುಳಿಯಲ್ಲೇ ಹಿಂದೆ ಮುಂದೆ ತೂಗಿತು. ತೂಗುತ್ತಾ ತೂಗುತ್ತಾ ಒಮ್ಮೆ ಮುಂದಿನ ಕಲ್ಲಿನ ಹೆಗಲು ದಾಟಿತು. ಉರುಳಿ ಮೂರ್ನಾಲ್ಕು ಇಂಚು ಹೋಗಿ ಎರಡು ಕಲ್ಲುಗಳ ಸಂದಿಯಲ್ಲಿ ಸಿಕ್ಕಿಕೊಂಡಿತು. ಅದು ಬಿಟ್ಟ ಜಾಗದ ಹಿಂದಿನ ಕಲ್ಲಿಗೆ ಈಗ ಆಸರೆ ಇಲ್ಲ, ಅದೂ ಹೊರಟಿತು. ಮರಳು ಸರಿಯುವುದಕ್ಕೂ ಕಲ್ಲು ಸರಿಯುವುದಕ್ಕೂ ಇಲ್ಲಿ ವ್ಯತ್ಯಾಸ ಇದೆ. ಕಲ್ಲಿಗೆ ಅಕ್ಕಪಕ್ಕದವರೇ ಮುಖ್ಯ.

ಇದೇ ಲೆಕ್ಕವನ್ನು ಹೊರಗೆ ಹಾಕಿದರೆ ಹಳ್ಳದ ಶಕ್ತಿ ಗೊತ್ತಾಗುತ್ತದೆ. 100ಕ್ಕೆ 1 ಇಳಿಜಾರಿನ ಹಳ್ಳದಲ್ಲಿ 1 ಮೀಟರ್ ನೀರು ಬಂದರೆ ಎಳೆತ 98, ಅದಕ್ಕೆ 13 ಸೆಂ.ಮೀ. ಗಾತ್ರದ ಕಲ್ಲನ್ನು ಹೊರಡಿಸುವ ತಾಕತ್ತು. 2000ಕ್ಕೆ 1 ಇಳಿಜಾರಿನ ದೊಡ್ಡ ಹೊಳೆಯಲ್ಲಿ 5 ಮೀಟರ್ ನೀರಿದ್ದರೂ 3–4 ಸೆಂ.ಮೀ. ಕಲ್ಲಿನ ಆಚೆ ಹೋಗುವುದಿಲ್ಲ. ಆಗುಂಬೆ ಕಡೆಯ ಹಳ್ಳಗಳಲ್ಲಿ ಗುಂಡುಗಳು, ಕೆಳಗೆ ಬಯಲಿನ ಹೊಳೆಯಲ್ಲಿ ಮರಳು ಯಾಕೆ ಅನ್ನುವುದಕ್ಕೆ ಒಂದು ದೊಡ್ಡ ಕಾರಣ ಇದು. ದಾರಿಯಲ್ಲಿ ಕಲ್ಲು ಸವೆಯುವುದೂ ಇದೆ, ಆದರೆ ಕಲ್ಲನ್ನು ಮೇಲೇ ಬಿಟ್ಟು ಮರಳನ್ನು ಒಯ್ಯುವುದು ಇಳಿಜಾರಿನ ಕೆಲಸ.

ಮರಳು, ಕಲ್ಲು ಬೆರೆಸಿ ಹಾಸಿದಾಗ ಆದದ್ದು ನನಗೆ ಎಲ್ಲಕ್ಕಿಂತ ಇಷ್ಟ. ಮೇಲಿನಿಂದ ಮರಳು ಹಾಕದೆ ಬರೀ ನೀರು ಬಿಟ್ಟೆವು. ಮೇಲ್ಪದರದ ಮರಳೆಲ್ಲ ಹೋಗಿ ಕಲ್ಲಷ್ಟೇ ಉಳಿಯಿತು. ಚೀಲಕ್ಕೆ ಬರುವ ಮರಳು ಕಡಿಮೆಯಾಗುತ್ತಾ ಬಂದು ನಿಂತೇಹೋಯಿತು. ಗಾಜಿನಲ್ಲಿ ನೋಡಿದರೆ ಒಂದೆರಡು ಕಲ್ಲು ದಪ್ಪದ ಪದರದ ಕೆಳಗೆ ಮೊದಲಿನಷ್ಟೇ ಮರಳು ಹಾಗೇ ಇದೆ. ಹೊಳೆ ತನ್ನ ಮೇಲೆ ತಾನೇ ಕಲ್ಲು ಹಾಸಿಕೊಂಡಿತು. ಹಳ್ಳದಲ್ಲಿ ಕಲ್ಲು ಸರಿಸಿ ಕೈ ಹಾಕಿದರೆ ಕೆಳಗೆ ಮರಳು ಸಿಗುವುದು ಇದರಿಂದ. ಆಮೇಲೆ ಅದೇ ನೀರಿಗೆ ಮೇಲಿನಿಂದ ಮಗ್‌ನಲ್ಲಿ ಸಣ್ಣ ಮರಳು ಸುರಿಯುತ್ತಾ ಹೋದೆವು. ಮರಳು ಕಲ್ಲುಗಳ ಸಂದಿ ತುಂಬಿತು. ಅಷ್ಟು ಹೊತ್ತು ಕದಲದೆ ಕೂತಿದ್ದ ಕಲ್ಲುಗಳು ಒಂದೊಂದೇ ಹೊರಟವು! ನೀರು ಒಂದು ತೊಟ್ಟೂ ಹೆಚ್ಚಾಗಿಲ್ಲ. ಸಂದಿ ತುಂಬಿ ತಳ ನುಣುಪಾದ ಮೇಲೆ ಕಲ್ಲಿಗೆ ಸಿಕ್ಕಿಕೊಳ್ಳಲು ಗುಳಿ ಇಲ್ಲ. ಮರಳು ಬೆರೆತಾಗ ಕಲ್ಲಿನ ಓಟ ಹೆಚ್ಚುತ್ತದೆ ಅನ್ನುವುದನ್ನು ಅಮೆರಿಕದ ಪೀಟರ್ ವಿಲ್ಕಾಕ್ ಮತ್ತು ಜೊತೆಯವರು 2001ರಲ್ಲಿ ದೊಡ್ಡ ಫ್ಲೂಮಿನಲ್ಲಿ ಅಳೆದು ತೋರಿಸಿದ್ದಾರೆ. ನಮ್ಮ ಕೊಟ್ಟಿಗೆಯಲ್ಲೂ ಅದು ಕಾಣುತ್ತದೆ.

ತೊಟ್ಟಿಯ ಜೊತೆಗೆ ಹಳ್ಳದಲ್ಲೂ ಒಂದು ಕೆಲಸ ಮಾಡಿದೆವು. ಮಳೆಗೆ ಮೊದಲು ಮೂರು ಗಾತ್ರದ ಕಲ್ಲುಗಳಿಗೆ ಹಳದಿ ಎನಾಮೆಲ್ ಬಳಿದು, ನಂಬರ್ ಬರೆದು, ಹಳ್ಳಕ್ಕೆ ಅಡ್ಡ ಸಾಲಾಗಿ ಇಟ್ಟೆವು. ನೀರು ಇಳಿದ ಮೇಲೆ ಹುಡುಕಿದಾಗ ಕೆಲವು ಇಟ್ಟಲ್ಲೇ ಇದ್ದವು, ಕೆಲವು ಕೆಳಗಿನ ದಿಬ್ಬದ ತಲೆಯಲ್ಲಿ ಸಿಕ್ಕವು, ಹಲವು ಹೂತುಹೋಗಿವೆ. ದಿಬ್ಬದ ತಲೆಯಲ್ಲಿದ್ದ ಚಪ್ಪಟೆ ಕಲ್ಲುಗಳು ಮಂಗಳೂರು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಒರಗಿದ್ದವು, ಎಲ್ಲವುಗಳ ಚಪ್ಪಟೆ ಮುಖವೂ ನೀರು ಬರುವ ಕಡೆಗೆ ಇಳಿಜಾರಾಗಿ. ಹೀಗೆ ಕೂತ ಕಲ್ಲನ್ನು ಎಬ್ಬಿಸುವುದು ನೀರಿಗೆ ಬಹಳ ಕಷ್ಟ. ಬತ್ತಿದ ಹೊಳೆಯಲ್ಲಿ ನೀರು ಯಾವ ಕಡೆ ಹರಿದಿತ್ತು ಅಂತ ಕಲ್ಲಿನ ವಾಲಿಕೆಯಿಂದಲೇ ಹೇಳಬಹುದು.

ಹೊರಬಾಗಿಲಿನ ಹಲಗೆ ಎತ್ತಿ ನೀರು ನಿಲ್ಲಿಸಿದರೆ ಅಣೆಕಟ್ಟು. ಮರಳು ನಿಂತ ನೀರಿನ ಬಾಯಿಗೆ ಬಂದ ಕೂಡಲೇ ಅಲ್ಲೇ ಬಿದ್ದು, ಕಡಿದಾದ ಮುಖದ ದಿಬ್ಬವಾಗಿ ಮುಂದಕ್ಕೆ ಬೆಳೆಯುತ್ತದೆ. ತೇಲುವ ಕೆಸರು ಮಾತ್ರ ಒಳಗೆ ಹೋಗಿ ಎಲ್ಲ ಕಡೆ ಇಳಿಯುತ್ತದೆ. ತುಂಗೆ ಕೊನೆಗೆ ಹೋಗಿ ಸೇರುವುದು 1953ರಲ್ಲಿ ನೀರು ನಿಲ್ಲಿಸಿದ ತುಂಗಭದ್ರಾ ಜಲಾಶಯಕ್ಕೆ. ಅದರ ಸಾಮರ್ಥ್ಯ ಮೊದಲು 133 ಟಿಎಂಸಿ ಅಡಿ, ಹೂಳು ಕೂತು ಈಗ ಲೆಕ್ಕಕ್ಕೆ ಹಿಡಿಯುವುದು ಸುಮಾರು 105.8. ಇದರಲ್ಲಿ ಬಹುಪಾಲು ತೇಲಿ ಬಂದ ಸಣ್ಣ ಮಣ್ಣು. ಆದರೆ ತಳದಲ್ಲಿ ಉರುಳಿ ಬರುವ ಮರಳಿಗೂ ಕಲ್ಲಿಗೂ ಅಲ್ಲಿಂದ ಮುಂದೆ ದಾರಿ ಇಲ್ಲ.

ಈಗ ಹೊಂಡ. ಹಿರಿಯರನ್ನು ಕರೆದು ಗಾಜಿನ ಮುಂದೆ ಕುರ್ಚಿ ಹಾಕಿಕೊಟ್ಟೆವು. ಸಣ್ಣ ಮರಳು, ಮೇಲಿನಿಂದ ನಿಮಿಷಕ್ಕೆ ಇಷ್ಟು ಅಂತ ಅಳೆದು ಮರಳು ಸುರಿಯುವುದು, ಕೆಳಗೆ ಚೀಲಕ್ಕೂ ಅಷ್ಟೇ ಬರುವ ತನಕ ಕಾಯುವುದು. ಎರಡೂ ಸಮ ಆದ ಮೇಲೆ ನೀರು ನಿಲ್ಲಿಸಿ ಗಾಜಿನ ಮೇಲೆ ತಳದ ಮಟ್ಟಕ್ಕೆ ಮಾರ್ಕರಿನಲ್ಲಿ ಗೆರೆ ಎಳೆದೆವು. ನಡುವೆ 40 ಸೆಂ.ಮೀ. ಉದ್ದ, 4 ಸೆಂ.ಮೀ. ಆಳದ ಹೊಂಡ ತೆಗೆದೆವು. ತೆಗೆದ ಮರಳನ್ನು ಬಕೆಟ್ಟಿನಲ್ಲಿ ಪಕ್ಕಕ್ಕಿಟ್ಟೆವು.

ಮೊದಲು ತೆಳುವಾಗಿ ನೀರು ಬಿಟ್ಟಾಗ ಅದು ಹೊಂಡದ ಮೇಲಂಚಿನಿಂದ ಸಣ್ಣ ಜಲಪಾತವಾಗಿ ಒಳಗೆ ಬಿತ್ತು. ಬೀಳುವ ಜಾಗದಲ್ಲಿ ಅಂಚು ಕುಸಿಯಿತು. ಕುಸಿದ ಅಂಚು ಮೇಲಕ್ಕೆ, ಇನ್ನೂ ಮೇಲಕ್ಕೆ ಹಿಮ್ಮೆಟ್ಟುತ್ತಾ ಹೋಯಿತು. ಹೊಂಡ ತುಂಬುತ್ತಿರುವುದು ಈ ಮರಳಿನಿಂದ. "ಅಯ್ಯೋ, ಮೇಲಿನದು ಕೊಚ್ಚಿಕೊಂಡು ಬರ್ತಿದೆಯಲ್ಲ ಮಾರಾಯ್ರೇ" ಅಂದರು ಹಿರಿಯರು. ನೀರು ಪೂರ್ತಿ ಬಿಟ್ಟ ಮೇಲೆ ಅಂಚಿನ ಕುಸಿತ ನಿಧಾನವಾಯಿತು. ಈಗ ಮರಳಿನ ಅಲೆಗಳು ಬಂದು ಬಂದು ಹೊಂಡದೊಳಗೆ ಜಾರಿ ಬೀಳತೊಡಗಿದವು. ಒಂದು ಕಾಳೂ ಹೊಂಡ ದಾಟಲಿಲ್ಲ.

ಅಷ್ಟು ಹೊತ್ತಿಗೆ ಕೆಳಗಿನ ಅಂಚಿನಲ್ಲಿ ಇನ್ನೊಂದು ನಡೆಯುತ್ತಿತ್ತು. ಹೊಂಡ ದಾಟಿ ಬಂದ ನೀರಿನಲ್ಲಿ ಮರಳಿಲ್ಲ, ಎಳೆಯುವ ಬಲ ಮಾತ್ರ ಮೊದಲಿನಷ್ಟೇ. ಅದು ಅಲ್ಲಿಂದಲೇ ಮರಳು ಎತ್ತಿಕೊಂಡಿತು. ಚೀಲಕ್ಕೆ ಬೀಳುವ ಮರಳು ಕೂಡಲೇ ಕಡಿಮೆಯಾಗಲಿಲ್ಲ. ಬರೀ ಚೀಲ ನೋಡುವವರಿಗೆ ಎಲ್ಲ ಸರಿಯಿದೆ ಅನ್ನಿಸಬೇಕು. ಆದರೆ ಗಾಜಿನಲ್ಲಿ ಹೊಂಡದ ಕೆಳಗಿನ ತಳ ಮಾರ್ಕರಿನ ಗೆರೆ ಬಿಟ್ಟು ಇಳಿಯುತ್ತಾ ಹೋಯಿತು. ಹೊಂಡ ಆಳ ಕಳೆದುಕೊಂಡು, ಉದ್ದವಾಗುತ್ತಾ, ಕೆಳಗೆ ಸರಿಯುತ್ತಾ, ಕೊನೆಗೆ ಎಲ್ಲಿತ್ತು ಅಂತಲೇ ತಿಳಿಯದ ಹಾಗೆ ಅಳಿಸಿಹೋಯಿತು. ಪಂಪು ನಿಲ್ಲಿಸಿ ಗೆರೆಗೆ ಹಿಡಿದು ನೋಡಿದೆವು. ಹೊಂಡ ಇದ್ದ ಜಾಗದಲ್ಲಿ ಹೆಚ್ಚುಕಡಿಮೆ ತುಂಬಿದೆ. ಅದರ ಮೇಲೆ ಒಂದೂವರೆ ಅಡಿ, ಕೆಳಗೆ ಬಾಗಿಲಿನ ತನಕ ತಳ ಗೆರೆಗಿಂತ ತಗ್ಗಾಗಿದೆ.

ಹಿರಿಯರು ಬಕೆಟ್ಟನ್ನೊಮ್ಮೆ, ಗೆರೆಯನ್ನೊಮ್ಮೆ ನೋಡಿ ಸುಮ್ಮನೆ ಕೂತರು. ಆಮೇಲೆ ಕೇಳಿದ ಪ್ರಶ್ನೆ ಸರಿಯಾದ ಪ್ರಶ್ನೆ: "ಮೇಲಿಂದ ನೀವು ಮರಳು ಸುರೀತಾನೇ ಇದ್ರೆ ಇದೂ ತುಂಬುತ್ತಲ್ವಾ?" ತುಂಬುತ್ತದೆ. ಮತ್ತೆ ಹೊಂಡ ತೆಗೆಯದಿದ್ದರೆ, ಮೇಲಿನಿಂದ ಬರುವುದು ನಿಲ್ಲದಿದ್ದರೆ. ಸುರಿಯುತ್ತಾ ಕೂತು ಅದನ್ನೂ ತೋರಿಸಿದೆವು. ಹೊಂಡ ಕಣ್ಣಿಗೆ ಅಳಿಸಲು ಹಿಡಿದದ್ದಕ್ಕಿಂತ ತಳ ಗೆರೆಗೆ ವಾಪಸ್ ಬರಲು ಎಷ್ಟೋ ಪಾಲು ಹೆಚ್ಚು ಹೊತ್ತು ಬೇಕಾಯಿತು. ಹೊಂಡ ತುಂಬಿತು ಅನ್ನುವುದಕ್ಕೂ ಹೊಳೆ ತುಂಬಿತು ಅನ್ನುವುದಕ್ಕೂ ಇರುವ ಅಂತರ ಅಷ್ಟು. ಮರಳು ಗಣಿಗಾರಿಕೆಗೆ ಕೇಂದ್ರ ಸರ್ಕಾರ 2020ರಲ್ಲಿ ತಂದ ಮಾರ್ಗಸೂಚಿ, ಮಳೆಗಾಲಕ್ಕೆ ಮುಂಚೆ ಮತ್ತು ನಂತರ ತಳದ ಮಟ್ಟ ಅಳೆದು, ಎಷ್ಟು ಮರಳು ಹೊಸದಾಗಿ ಬಂದಿದೆ ಅಂತ ಲೆಕ್ಕ ಹಾಕಬೇಕು ಅನ್ನುತ್ತದೆ. ಹೊಂಡದ ಜಾಗ ಒಂದನ್ನೇ ಅಳೆದರೆ ಆ ಲೆಕ್ಕ ತಪ್ಪುತ್ತದೆ. ಮೇಲೂ ಕೆಳಗೂ ದೂರದ ತನಕ ಅಳೆಯಬೇಕು.

ಹೊರಡುವಾಗ ಹಿರಿಯರು ಹಳ್ಳದ ಸೇತುವೆಯ ಮಾತು ತೆಗೆದರು. "ಹೊಂಡದ ಕೆಳಗೆ ಒಂದು ಕಂಬ ನಿಲ್ಸಿ ಬಿಟ್ರೆ ಏನಾಗುತ್ತೆ ಮೇಷ್ಟ್ರೇ?" ಕಂಬದ ಬುಡದಲ್ಲಿ ನೀರು ಸುತ್ತಿ ಗುಂಡಿ ಮಾಡುವುದು ಹೊಂಡ ಇಲ್ಲದಿದ್ದರೂ ಇದೆ. ತಳವೇ ಇಳಿದಾಗ ಎರಡೂ ಸೇರುತ್ತವೆ. ಎಷ್ಟು ಸೇರುತ್ತವೆ ಅಂತ ಅಳೆಯಲು 1 ಇಂಚಿನ ಪಿವಿಸಿ ಪೈಪಿಗೆ ಸೆಂಟಿಮೀಟರಿನ ಗುರುತು ಹಾಕಿ, ತೊಟ್ಟಿಯ 8ನೇ ಅಡಿಯಲ್ಲಿ ತಳಕ್ಕೆ ಸ್ಕ್ರೂ ಹೊಡೆದು ನಿಲ್ಲಿಸಿದ್ದೇವೆ. ಸಿಲಿಕಾನ್ ಒಣಗುತ್ತಿದೆ. ಮೊದಲು ಹೊಂಡ ಇಲ್ಲದೆ ಒಂದು ಓಟ, ಆಮೇಲೆ ಹೊಂಡ ತೆಗೆದು ಇನ್ನೊಂದು.